ಫೈಲ್ ಬಂತು, ತೆರೆಯುವವರು ಯಾರು?

ಹರಿಹರದಿಂದ ದಾವಣಗೆರೆಯ ಕಾಲೇಜುಗಳಿಗೆ ಹೋಗಿಬರುವ ಹೆಣ್ಣುಮಕ್ಕಳಿಗೆ ಇಂದು ಪ್ರವೇಶ ಪತ್ರ, ಅಂಕಪಟ್ಟಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲವೂ ಫೈಲ್ ರೂಪದಲ್ಲೇ ಬರುತ್ತವೆ. "ಅಮ್ಮಿ, ಡೌನ್‌ಲೋಡ್ ಆಗಿದೆ, ಓಪನ್ ಆಗ್ತಿಲ್ಲ" ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಅರ್ಜಿಗೆ ಅದೇ ಕೊನೆಯ ದಿನವಾಗಿದ್ದರೆ ಗಾಬರಿ ಬೇರೆ.

ಸಹೋದರಿಯರೇ, ನಮ್ಮ ಅಡುಗೆಮನೆಯ ಡಬ್ಬಿಗಳನ್ನೇ ನೋಡಿ. ಮೇಲೆ ಅಂಟಿಸಿದ ಚೀಟಿ ನೋಡಿ ಒಳಗಿರುವುದು ಸಕ್ಕರೆಯೋ ಉಪ್ಪೋ ಎಂದು ತಿಳಿಯುತ್ತೇವೆ. ವೆಬ್‌ಸೈಟ್ ಕೂಡ ಫೈಲಿನ ಜೊತೆ ಇಂಥದೊಂದು ಚೀಟಿ ಕಳಿಸುತ್ತದೆ. ಇದಕ್ಕೆ 'ಮೈಮ್' ಎಂದು ಹೆಸರು. 1992ರಲ್ಲಿ ಇ-ಮೇಲ್‌ಗಾಗಿ ರೂಪುಗೊಂಡ ಪದ್ಧತಿಯಿದು. ಬ್ರೌಸರ್ ಆ ಚೀಟಿ ಓದಿ, ಚಿತ್ರ ಅಥವಾ ಪಿಡಿಎಫ್ ಆಗಿದ್ದರೆ ಸಾಮಾನ್ಯವಾಗಿ ತಾನೇ ತೋರಿಸುತ್ತದೆ. ತನ್ನಿಂದಾಗದ್ದನ್ನು ಉಳಿಸಿಡುತ್ತದೆ.

ಉಳಿಸಿಟ್ಟ ಫೈಲನ್ನು ತೆರೆಯುವಾಗ ವಿಂಡೋಸ್ ನೋಡುವುದು ಹೆಸರಿನ ಬಾಲವನ್ನು. ಕೊನೆಯ ಚುಕ್ಕೆಯ ನಂತರ 'ಪಿಡಿಎಫ್' ಇದ್ದರೆ ಪಿಡಿಎಫ್ ಓದುವ ಅಪ್ಲಿಕೇಶನ್, 'ಡಾಕ್ಸ್' ಇದ್ದರೆ ವರ್ಡ್. ಬಾಲ ಕಳಚಿದ್ದರೆ ಯಾವುದರಿಂದ ತೆರೆಯಬೇಕೆಂದು ನಿಮ್ಮನ್ನೇ ಕೇಳುತ್ತದೆ. ತಪ್ಪು ಅಪ್ಲಿಕೇಶನ್ ತೆರೆದುಕೊಂಡರೆ ಫೈಲಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಓಪನ್ ವಿತ್' ಆರಿಸಿ, ಸರಿಯಾದುದನ್ನು ತೋರಿಸಿ. ಮೊಬೈಲಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಆ ಆ್ಯಪ್‌ನ 'ಡಿಫಾಲ್ಟ್' ತೆಗೆದುಹಾಕಿದರೆ ಮುಂದಿನ ಸಲ ನಿಮ್ಮನ್ನು ಕೇಳುತ್ತದೆ.

ನುಡಿಯಲ್ಲಿ ಟೈಪ್ ಮಾಡಿದ ಹಳೆಯ ಪತ್ರ ವರ್ಡ್‌ನಲ್ಲಿ ತೆರೆದರೂ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ಕಾಣಬಹುದು. ಅಲ್ಲಿ ಅಪ್ಲಿಕೇಶನ್‌ನ ತಪ್ಪಿಲ್ಲ, ನುಡಿಯ ಅಕ್ಷರಶೈಲಿ ಆ ಯಂತ್ರದಲ್ಲಿಲ್ಲ ಅಷ್ಟೆ. ಕಳಿಸಿದವರಿಂದ ಪಿಡಿಎಫ್ ಮಾಡಿಸಿ ತರಿಸಿಕೊಳ್ಳಿ.

ಇನ್ನು ಮುಖ್ಯ ಮಾತು. ಮದುವೆ ಆಮಂತ್ರಣವೆಂದು ವಾಟ್ಸಾಪ್‌ನಲ್ಲಿ ಫೈಲ್ ಕಳಿಸಿ ಬ್ಯಾಂಕ್ ಖಾತೆ ಬರಿದು ಮಾಡುವ ವಂಚನೆಯ ಬಗ್ಗೆ 2024ರಲ್ಲಿ ನಮ್ಮ ದೇಶದ ಪೊಲೀಸರು ಎಚ್ಚರಿಸಿದ್ದರು. ಹೆಸರು ಆಮಂತ್ರಣದ್ದೇ, ಆದರೆ ಬಾಲ 'ಎಪಿಕೆ'. ಅದು ಓದುವ ಪತ್ರವಲ್ಲ, ಫೋನಿನೊಳಗೆ ಕೂರುವ ಆ್ಯಪ್. ಅದಕ್ಕೆ ಅನುಮತಿ ಕೊಟ್ಟರೆ ಬ್ಯಾಂಕಿನ ಓಟಿಪಿ ಸಂದೇಶವೂ ಕಳ್ಳರ ಕೈ ಸೇರುತ್ತದೆ. ನಿಕಾಹ್‌ನ ಆಮಂತ್ರಣ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ವಿಡಿಯೋ ಆಗಿಯೋ ಬರುತ್ತದೆ. ಅದು 'ಇನ್‌ಸ್ಟಾಲ್' ಮಾಡು ಎಂದು ಕೇಳುವುದಿಲ್ಲ. ಕೇಳಿದರೆ ಅಲ್ಲೇ ನಿಲ್ಲಿಸಿ. ಪರಿಚಿತರ ನಂಬರಿನಿಂದ ಬಂದಿದ್ದರೂ ಅವರಿಗೊಂದು ಕರೆ ಮಾಡಿ ವಿಚಾರಿಸಿ, ಅವರ ಫೋನೇ ಕಳ್ಳರ ವಶವಾಗಿರಬಹುದು. ಹಣ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಿರದೆ ತಕ್ಷಣ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ತಡವಾದಷ್ಟೂ ಹಣ ಮರಳುವುದು ಕಷ್ಟ.

ಮನೆಯ ಹಿರಿಯರ ಕೈಯಲ್ಲೂ ಈಗ ಸ್ಮಾರ್ಟ್‌ಫೋನ್ ಇದೆ. ಹೆಸರಿನ ಬಾಲ ನೋಡುವುದನ್ನು ಇವತ್ತೇ ಅವರಿಗೂ ಹೇಳಿಕೊಡಿ.