ಸೂರ್ಯನ ಬೆಳಕಿಗೆ ಲೆಕ್ಕ ಬರೆಯುವವರು

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಬೆಂಗಳೂರಿನ ತಂತ್ರಜ್ಞಾನ ಕಂಪನಿಯೊಂದರಲ್ಲಿ ಅವನಿಗೆ ಒಳ್ಳೆಯ ಹುದ್ದೆ. ಕಾಫಿ ಕುಡಿಯುತ್ತ, "ಸಾರ್, ನಮ್ಮ ಕಂಪನಿ ಈಗ ನೂರಕ್ಕೆ ನೂರು ಹಸಿರು ವಿದ್ಯುತ್ತಿನಲ್ಲೇ ನಡೆಯುತ್ತದೆ" ಎಂದು ಹೆಮ್ಮೆಯಿಂದ ಹೇಳಿದ. "ರಾತ್ರಿ ಹನ್ನೊಂದಕ್ಕೆ ನಿಮ್ಮ ಕಂಪ್ಯೂಟರುಗಳು ಮಲಗುತ್ತವೆಯೇನಪ್ಪಾ?" ಎಂದೆ. ಅವನು ನಕ್ಕ, ಉತ್ತರ ಕೊಡಲಿಲ್ಲ. ಅವನಿಗೆ ವಿಜ್ಞಾನ ಕಲಿಸಿದವನು ನಾನೇ ಆದ್ದರಿಂದ ಉತ್ತರ ಬರೆಯುವ ಹೊಣೆಯೂ ನನ್ನದೇ ಎಂದುಕೊಂಡು ಈ ಬರಹ.

ಇಂಥ ಘೋಷಣೆಗಳ ಹಿಂದಿರುವುದು ಸಾಮಾನ್ಯವಾಗಿ ವಾರ್ಷಿಕ ಲೆಕ್ಕ. ವರ್ಷವಿಡೀ ಬಳಸಿದಷ್ಟೇ ಯೂನಿಟ್ ಹಸಿರು ವಿದ್ಯುತ್ತನ್ನು ಎಲ್ಲಿಂದಲಾದರೂ ಖರೀದಿಸಿದರೆ ನೂರಕ್ಕೆ ನೂರು. ಹಗಲಿನ ಹೆಚ್ಚುವರಿ ರಾತ್ರಿಯ ಕೊರತೆಗೆ ಸರಿಹೊಂದಿತೆಂದು ಪುಸ್ತಕದಲ್ಲಿ ಬರೆಯಲಾಗುತ್ತದೆ. ತಂತಿಯಲ್ಲಿ ಮಾತ್ರ ರಾತ್ರಿ ಹರಿಯುವುದು ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣು, ಶರಾವತಿಯ ನೀರು ಎಲ್ಲವೂ ಬೆರೆತ ವಿದ್ಯುತ್ತು. ಗೂಗಲ್ ಸಂಸ್ಥೆ 2017ರಲ್ಲೇ ಈ ವಾರ್ಷಿಕ ಗುರಿ ಮುಟ್ಟಿತು. ಆದರೆ 2019ಕ್ಕೆ ಹೋಲಿಸಿದರೆ 2023ರಲ್ಲಿ ತನ್ನ ಇಂಗಾಲ ಹೊರಸೂಸುವಿಕೆ ಶೇ. 48ರಷ್ಟು ಏರಿದೆಯೆಂದು 2024ರ ವರದಿಯಲ್ಲಿ ಅದೇ ಸಂಸ್ಥೆ ಒಪ್ಪಿಕೊಂಡಿತು. 2030ರೊಳಗೆ ಗಂಟೆಗಂಟೆಯ ಲೆಕ್ಕದಲ್ಲಿ ಶುದ್ಧ ವಿದ್ಯುತ್ತು ಬಳಸುವೆನೆಂದು 2020ರಲ್ಲಿ ಅದು ಹೊಸ ಗುರಿ ಇಟ್ಟುಕೊಂಡದ್ದೇ ಹಳೆಯ ಲೆಕ್ಕ ಸಾಲದೆಂಬುದಕ್ಕೆ ಸಾಕ್ಷಿ.

ಇದನ್ನು ನಾನು ಸುಳ್ಳೆನ್ನುವುದಿಲ್ಲ. ಅರ್ಧ ಲೆಕ್ಕ ಎನ್ನುತ್ತೇನೆ. ಮಿಕ್ಕ ಅರ್ಧವನ್ನು ಹೊರುವವರು ಯಾರು?

ಮೊದಲನೆಯದಾಗಿ, ಸಾರ್ವಜನಿಕ ವಿದ್ಯುತ್ ಸಂಸ್ಥೆಗಳು. ದೊಡ್ಡ ಗ್ರಾಹಕರು ಹೆಚ್ಚು ದರ ಕೊಡುವುದರಿಂದ ಬಡವರ ಮನೆಯ ದರ ಕಡಿಮೆಯಾಗುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಆ ದೊಡ್ಡ ಗ್ರಾಹಕರೇ ಖಾಸಗಿ ಸೌರ ಘಟಕಗಳಿಂದ ನೇರವಾಗಿ ಕೊಳ್ಳತೊಡಗಿದರೆ ಆ ಭಾರ ಯಾರ ಮೇಲೆ ಬೀಳುತ್ತದೆ? ಅದಕ್ಕೆಂದೇ ಹಾಗೆ ಕೊಳ್ಳುವವರಿಂದ ವಸೂಲಿ ಮಾಡುವ ಶುಲ್ಕಗಳಿವೆ. ಆದರೆ ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2014ರಲ್ಲಿ, 2018ರ ಮಾರ್ಚ್ ಒಳಗೆ ಆರಂಭವಾಗುವ ಸೌರ ಘಟಕಗಳಿಗೆ ಹತ್ತು ವರ್ಷ ಆ ಶುಲ್ಕಗಳಿಂದ ವಿನಾಯಿತಿ ನೀಡಿತು. ಎಳೆಯ ಉದ್ಯಮಕ್ಕೆ ಊರುಗೋಲು ಬೇಕಿತ್ತು, ಸರಿ. ಆದರೆ ಆ ಊರುಗೋಲು ಸರ್ಕಾರದ್ದು, ಅರ್ಥಾತ್ ನಮ್ಮೆಲ್ಲರದು. ಕಂಪನಿಗಳ ಹಸಿರು ವರದಿಗಳಲ್ಲಿ ಅದಕ್ಕೊಂದು ಸಾಲಿನ ಕೃತಜ್ಞತೆಯನ್ನೂ ನಾನು ಕಂಡಿಲ್ಲ.

ಎರಡನೆಯದಾಗಿ, ನೆಲ ಕೊಟ್ಟವರು. ಪಾವಗಡದ ಸೌರ ಉದ್ಯಾನ 2018ರಲ್ಲಿ ಉದ್ಘಾಟನೆಯಾಯಿತು; ಇಂದು 2,050 ಮೆಗಾವ್ಯಾಟ್ ಸಾಮರ್ಥ್ಯ, ಸುಮಾರು 13 ಸಾವಿರ ಎಕರೆ. ಭೂಮಿಯನ್ನು ಸ್ವಾಧೀನಪಡಿಸಿಕೊಳ್ಳದೆ ಗುತ್ತಿಗೆಗೆ ಪಡೆದದ್ದು ನಿಜಕ್ಕೂ ಮೆಚ್ಚತಕ್ಕ ಮಾತು. ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5ರ ಏರಿಕೆ. ಬರಗಾಲದ ಆ ನೆಲದಲ್ಲಿ ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ರೈತನಿಗೆ ಅದು ಆಸರೆಯಾಯಿತು. ಆದರೆ ಪಹಣಿಯಲ್ಲಿ ಹೆಸರಿಲ್ಲದ ಕೂಲಿಕಾರನಿಗೆ ಏನು ಸಿಕ್ಕಿತು? ಕಳೆ ಕೀಳಲು ಹೋಗುತ್ತಿದ್ದ ಹೆಂಗಸಿಗೆ, ಆ ಬಯಲಿನಲ್ಲಿ ಕುರಿ ಮೇಯಿಸುತ್ತಿದ್ದವನಿಗೆ? ಗುತ್ತಿಗೆಯ ಹಣ ಭೂಮಾಲೀಕನಿಗೆ. ಬೇಲಿ ಮಾತ್ರ ಎಲ್ಲರಿಗೂ.

ಇದು ನಮಗೆ ಹೊಸ ಪಾಠವಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಬ್ರಿಟಿಷ್ ಕಂಪನಿಯ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ನಾಡಿಗೆ ಬೆಳಕಾಯಿತು. ಮುಳುಗಿದ ಊರುಗಳವರು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಅಲೆದರು. ಶಕ್ತಿಯ ಮೂಲ ಬದಲಾದಷ್ಟು ಸುಲಭವಾಗಿ ನಮ್ಮ ರೀತಿ ಬದಲಾಗುವುದಿಲ್ಲ.

"ಸಾರ್, ಹಾಗಾದರೆ ಸೌರಶಕ್ತಿಯೇ ಬೇಡವೇ?" ಎಂದು ನೀವು ಕೇಳಬಹುದು. ಬೇಕು, ಇನ್ನೂ ಹೆಚ್ಚು ಬೇಕು. ಕಲ್ಲಿದ್ದಲಿನ ಹೊಗೆಯನ್ನು ಸಮರ್ಥಿಸುವ ಹುಂಬತನ ನನ್ನದಲ್ಲ. ನನ್ನ ಜಗಳ ಒಡೆತನದ ಬಗ್ಗೆ. 2019ರಲ್ಲಿ ಆರಂಭವಾದ ಕೇಂದ್ರದ ಕುಸುಮ್ ಯೋಜನೆಯಲ್ಲಿ ರೈತರು, ಸಹಕಾರ ಸಂಘಗಳು, ಪಂಚಾಯಿತಿಗಳು ಸಹ ಎರಡು ಮೆಗಾವ್ಯಾಟ್‌ವರೆಗಿನ ಘಟಕ ಹಾಕಿ ವಿದ್ಯುತ್ತನ್ನು ಮಾರಲು ಅವಕಾಶವಿದೆ. ಹಾಲಿನ ಡೇರಿಯನ್ನು ಹಳ್ಳಿಹಳ್ಳಿಗಳಲ್ಲಿ ಕಟ್ಟಿದ ನಾಡಿಗೆ ಬೆಳಕಿನ ಸಂಘ ಕಟ್ಟುವುದು ಅಸಾಧ್ಯವೇ? ಪಂಚಾಯಿತಿಯದೇ ಘಟಕವಾದರೆ ಅದರ ಆದಾಯದಲ್ಲಿ ಪಹಣಿಯಿಲ್ಲದವನಿಗೂ ಪಾಲಿರುತ್ತದೆ. ಸಾಲ, ತಾಂತ್ರಿಕ ನೆರವು, ದರದ ಭರವಸೆ ಕೊಟ್ಟು ಅದನ್ನು ಮುನ್ನಡೆಸುವುದು ಸರ್ಕಾರದ ಕೆಲಸ. ಆ ಕೆಲಸವನ್ನು ಖಾಸಗಿಯವರ ಔದಾರ್ಯಕ್ಕೆ ಬಿಡುವಂತಿಲ್ಲ.

ಕಂಪನಿಗಳಲ್ಲಿ ದೊಡ್ಡ ಹುದ್ದೆಗಳಲ್ಲಿರುವ ನನ್ನ ವಿದ್ಯಾರ್ಥಿಗಳಲ್ಲಿ ಒಂದೇ ಕೋರಿಕೆ. ಮುಂದಿನ ಸಲ ನಿಮ್ಮ ಕಚೇರಿಯಲ್ಲಿ ಹಸಿರು ವರದಿ ಓದುವಾಗ ಮೂರು ಪ್ರಶ್ನೆ ಕೇಳಿ: ಇದು ವರ್ಷದ ಲೆಕ್ಕವೋ, ಗಂಟೆಯ ಲೆಕ್ಕವೋ? ನಮಗಾಗಿ ದುಡಿಯುವ ಸಾರ್ವಜನಿಕ ತಂತಿಗೆ ಪೂರ್ತಿ ಬೆಲೆ ಕೊಟ್ಟಿದ್ದೇವೆಯೇ? ಬೇಲಿಯಾಚೆಗಿನ ಊರಿಗೆ ಇದರಲ್ಲಿ ಪಾಲೆಷ್ಟು?

ಹಂತಗಳನ್ನು ಬಿಟ್ಟು ಉತ್ತರವನ್ನಷ್ಟೇ ಬರೆದರೆ ನಾನು ತರಗತಿಯಲ್ಲಿ ಅಂಕ ಕೊಡುತ್ತಿರಲಿಲ್ಲವೆಂಬುದು ನಿಮಗೆ ನೆನಪಿರಬೇಕು. ಈಗಲೂ ಕೊಡುವುದಿಲ್ಲ.