ಮೌನವನ್ನು ಸಮ್ಮತಿಯೆಂದು ಬರೆದುಕೊಂಡ ವ್ಯಾಪಾರ

ಒಂದು ಕಾಲವಿತ್ತು. ಶಿರಸಿಯ ಬಸ್ಸು ನಿಲ್ದಾಣದಲ್ಲಿ ಹತ್ತು ನಿಮಿಷ ನಿಂತರೆ ಹತ್ತು ಬಗೆಯ ಹಾಡುಗಳ ತುಣುಕುಗಳು ಕಿವಿಗೆ ಬೀಳುತ್ತಿದ್ದವು. ಒಬ್ಬರ ಜೇಬಿನಿಂದ ಸಿನೆಮಾ ಗೀತೆ, ಇನ್ನೊಬ್ಬರ ಜೇಬಿನಿಂದ ಯಕ್ಷಗಾನದ ಚೆಂಡೆ, ನಮ್ಮವರ ಜೇಬಿನಿಂದ ನಾತ್. ಇಂದು ಆ ಸದ್ದು ಬಹುಮಟ್ಟಿಗೆ ಅಡಗಿದೆ. ಹಾಗೆಂದು ಆ ವ್ಯಾಪಾರದ ಲೆಕ್ಕ ಮುಗಿಯಿತೇ? ಮುಗಿದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಹಾಡು ನಿಂತಿದೆ, ಆ ಹಾಡಿನ ಹೆಸರಿನಲ್ಲಿ ಬಡವನ ಜೇಬಿಗೆ ಕೈಹಾಕಿದ ಉಪಾಯ ನಿಂತಿಲ್ಲ.

ರಿಂಗ್‌ಟೋನ್ ಮಾರಾಟ 1990ರ ದಶಕದ ಕೊನೆಯಲ್ಲಿ ಫಿನ್ಲೆಂಡಿನಲ್ಲಿ ಚಿಗುರಿತು. ಕರೆ ಮಾಡಿದವನಿಗೆ ಹಾಡು ಕೇಳಿಸುವ ಕಾಲರ್ ಟ್ಯೂನ್ ದಕ್ಷಿಣ ಕೊರಿಯಾದಲ್ಲಿ 2002ರಲ್ಲಿ ಮಾರುಕಟ್ಟೆಗೆ ಬಂತು. 2004ರ ಹೊತ್ತಿಗೆ ಭಾರತಕ್ಕೂ ಕಾಲಿಟ್ಟಿತು. ನಮ್ಮ ರಾಜ್ಯಕ್ಕೂ ಈ ಉದ್ಯಮಕ್ಕೂ ಹತ್ತಿರದ ನಂಟಿದೆ. 2000ದಲ್ಲಿ ಇನ್ಫೋಸಿಸ್‌ನ ಆಶ್ರಯದಲ್ಲಿ ಹುಟ್ಟಿದ ಬೆಂಗಳೂರಿನ ಆನ್‌ಮೊಬೈಲ್ ಸಂಸ್ಥೆಯು ದೂರವಾಣಿ ಕಂಪೆನಿಗಳಿಗೆ ಇಂತಹ ಸೇವೆಗಳನ್ನು ಒದಗಿಸುತ್ತಾ ಬೆಳೆದು, 2008ರಲ್ಲಿ ತನ್ನ ಷೇರನ್ನು ತಲಾ 440 ರೂಪಾಯಿಗೆ ಸಾರ್ವಜನಿಕರಿಗೆ ನೀಡಿ ಷೇರುಪೇಟೆ ಪ್ರವೇಶಿಸಿತು. ಹಾಡಿನ ತುಣುಕೊಂದು ಇಷ್ಟು ದೊಡ್ಡ ಬಂಡವಾಳವಾಗಬಹುದೆಂದು ಅದಕ್ಕೆ ಹತ್ತು ವರ್ಷ ಹಿಂದೆ ಹೇಳಿದ್ದರೆ ಜನ ನಗುತ್ತಿದ್ದರು.

ಶಿರಸಿ, ಸಿದ್ದಾಪುರ, ಯಲ್ಲಾಪುರದಂತಹ ಘಟ್ಟದ ತಾಲೂಕುಗಳಿಗೆ ಈ ಗಾಳಿ ತುಸು ತಡವಾಗಿ ಬೀಸಿತು. 2002ರಲ್ಲಿ ಬಿಎಸ್ಸೆನ್ನೆಲ್ ಮೊಬೈಲ್ ಸೇವೆ ಆರಂಭಿಸಿದ ಮೇಲೂ ಕಾಡಿನ ನಡುವಿನ ಹಳ್ಳಿಗಳಲ್ಲಿ ಸಿಗ್ನಲಿಗಾಗಿ ಗುಡ್ಡ ಹತ್ತಬೇಕಿತ್ತು. ಗುಡ್ಡ ಹತ್ತಿ ಮಾತನಾಡುವವನಿಗೆ ಪ್ರತಿ ನಿಮಿಷವೂ ಬೆಲೆಯುಳ್ಳದ್ದು. ಅವನು ಹಾಕಿಸುತ್ತಿದ್ದುದು ಹತ್ತು, ಇಪ್ಪತ್ತು ರೂಪಾಯಿಯ ರೀಚಾರ್ಜ್. ಅದೇ ಹೊತ್ತಿಗೆ ಕಾಲರ್ ಟ್ಯೂನಿಗೆ ತಿಂಗಳಿಗೆ ಸುಮಾರು 30 ರೂಪಾಯಿ ಬಾಡಿಗೆ, ಹಾಡೊಂದಕ್ಕೆ ಸುಮಾರು 15 ರೂಪಾಯಿ ದರವಿತ್ತು.

ರಿಂಗ್‌ಟೋನನ್ನು ಕೊಂಡವನು ತಾನೇ ಕೇಳುತ್ತಾನೆ, ಹಣವನ್ನೂ ಒಮ್ಮೆ ಕೊಡುತ್ತಾನೆ. ಕಾಲರ್ ಟ್ಯೂನ್ ಹಾಗಲ್ಲ. ಅದಕ್ಕೆ ತಿಂಗಳು ತಿಂಗಳೂ ಬಾಡಿಗೆ, ಅದು ಕೇಳಿಸುವುದು ಬೇರೆಯವರಿಗೆ. ತನ್ನ ಹೆಸರಿನಲ್ಲಿ ಹಾಡು ಓಡುತ್ತಿದೆಯೇ ಇಲ್ಲವೇ ಎಂಬುದನ್ನು ಹಣ ತೆರುವವನಿಗೆ ಇನ್ನೊಬ್ಬರು ಹೇಳಬೇಕು. ಕೊಂಡವನ ಕಣ್ಣಿಗೂ ಬೀಳದ, ಕಿವಿಗೂ ತಾಗದ ಸರಕು ಬೇರೆ ಯಾವುದಿದೆ?

ನಾವು ಕಾಲೇಜಿನಲ್ಲಿದ್ದಾಗ ಸಿದ್ದಾಪುರದ ಕಡೆಯ ಒಬ್ಬ ತಾಯಿಯನ್ನು ಬಲ್ಲೆವು. ಸುಗ್ಗಿಯಲ್ಲಿ ಅಡಿಕೆ ಸುಲಿದು ಸಂಸಾರ ತೂಗಿಸುತ್ತಿದ್ದವರು. ಗೋವಾದಲ್ಲಿ ದುಡಿಯುತ್ತಿದ್ದ ಮಗನ ಜೊತೆ ಮಾತನಾಡಲೆಂದೇ ಅವರಲ್ಲೊಂದು ಫೋನ್. ಹಾಕಿಸಿದ ಹಣ ಎರಡೇ ದಿನಕ್ಕೆ ಕರಗುತ್ತಿತ್ತು. ರೀಚಾರ್ಜ್ ಅಂಗಡಿಯವನು ಮೋಸ ಮಾಡುತ್ತಿದ್ದಾನೆಂದು ಅವರು ಅವನನ್ನೇ ಶಂಕಿಸಿದರು. ಕೊನೆಗೊಂದು ದಿನ ಮಗನೇ ಕೇಳಿದ: “ಅಮ್ಮಾ, ನಿನ್ನ ಫೋನಿಗೆ ಮಾಡಿದ್ರೆ ಇದೇನು ಸಿನೆಮಾ ಹಾಡು ಬರ್ತದೆ?” ಆಕೆಗೆ ಅದು ತಮಾಷೆಯಾಗಿ ಕಂಡಿತು. ಯಾರಿಗೋ ಕರೆ ಮಾಡಿದಾಗ ಹಾಡಿನ ನಡುವೆ ಕೇಳಿಬಂದ ಧ್ವನಿ ಹೇಳಿದಂತೆ ನಕ್ಷತ್ರದ ಗುಂಡಿ ಒತ್ತಿದ್ದರಂತೆ. ಅದು ಹಾಡನ್ನು ತನ್ನ ನಂಬರಿಗೆ ನಕಲಿಸಿಕೊಳ್ಳುವ ಗುಂಡಿ. ಆ ಧ್ವನಿ ಯಾವ ಭಾಷೆಯದೆಂಬುದೂ ಅವರಿಗೆ ನೆನಪಿರಲಿಲ್ಲ. ಸಂದೇಶಗಳನ್ನು ಓದಲು ಅವರಿಗೆ ಅಕ್ಷರ ಬಾರದು.

ಮೂವತ್ತು ರೂಪಾಯಿ ದೊಡ್ಡದೇನಲ್ಲ ಎನ್ನುವವರಿದ್ದಾರೆ. ಈ ಸಣ್ಣತನವೇ ಈ ವ್ಯಾಪಾರದ ರಕ್ಷಾಕವಚವಾಗಿತ್ತು. ಸಿದ್ದಾಪುರದ ಆ ತಾಯಿ ನ್ಯಾಯ ಕೇಳಬೇಕೆಂದರೆ ಘಟ್ಟ ಇಳಿದು ಕಾರವಾರದ ಜಿಲ್ಲಾ ಗ್ರಾಹಕರ ವೇದಿಕೆಗೆ ಹೋಗಬೇಕಿತ್ತು. ಬಸ್ಸಿನ ಟಿಕೆಟ್ಟಿಗೇ ಅದಕ್ಕಿಂತ ಹೆಚ್ಚು ಹಣ ಬೇಕು, ಒಂದು ದಿನದ ಕೂಲಿಯೂ ಹೋಗುತ್ತದೆ. ಒಬ್ಬನಿಂದ ಮೂರು ಸಾವಿರ ಕಸಿದರೆ ಅವನು ಬೊಬ್ಬಿಡುತ್ತಾನೆ. ನೂರು ಮಂದಿಯಿಂದ ಮೂವತ್ತು ಮೂವತ್ತು ಎತ್ತಿದರೆ ಯಾರೂ ಉಸಿರೆತ್ತುವುದಿಲ್ಲ.

ಇದು ನಮ್ಮ ಕಲ್ಪನೆಯಲ್ಲ. ಕೇಳದೆಯೇ ಸೇವೆ ಆರಂಭಿಸಿ ಹಣ ಕಡಿಯುವ ದೂರುಗಳು ಹೆಚ್ಚಿದ್ದರಿಂದಲೇ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್, ಗ್ರಾಹಕನಿಂದ ಮತ್ತೊಮ್ಮೆ ದೃಢೀಕರಣ ಪಡೆಯದೆ ಹಣ ವಸೂಲು ಮಾಡಬಾರದೆಂದು 2011ರ ಜುಲೈಯಲ್ಲಿ ನಿರ್ದೇಶಿಸಿತು. 2013ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಆಗ ಉದ್ಯಮದ ಕಡೆಯಿಂದ ಬಂದ ದೂರೇನು? ಈ ನಿಯಮದಿಂದ ಆದಾಯ ಕುಸಿಯುತ್ತಿದೆ ಎಂದು! “ಬೇಕೇ?” ಎಂದು ಎರಡನೆಯ ಬಾರಿ ಕೇಳಿದರೆ ಕುಸಿಯುವ ಆದಾಯ ಎಂತಹದು? ಇದಕ್ಕಿಂತ ದೊಡ್ಡ ತಪ್ಪೊಪ್ಪಿಗೆ ಬೇಕೇ?

ಹಾಡು ಕಟ್ಟಿದವರ ಗತಿಯೂ ಹೇಳಿಕೊಳ್ಳುವಂತಿರಲಿಲ್ಲ. 2006ರ ಕೊನೆಗೆ ಬಂದ ‘ಮುಂಗಾರು ಮಳೆ’ಯ ಗೀತೆಗಳು ಊರೂರ ಫೋನುಗಳಲ್ಲಿ ಮೊಳಗಿದವು. ಅದಕ್ಕೆ ಗೀತೆ ಬರೆದ ಜಯಂತ ಕಾಯ್ಕಿಣಿಯವರು ನಮ್ಮದೇ ಜಿಲ್ಲೆಯ ಗೋಕರ್ಣದವರು. ಆದರೆ ಹಾಡೊಂದು ಫೋನಿನಲ್ಲಿ ಎಷ್ಟು ಬಾರಿ ಮಾರಾಟವಾದರೂ ಕವಿಗೂ ಸಂಗೀತಗಾರನಿಗೂ ಗೌರವಧನ ಸಲ್ಲಲೇಬೇಕೆಂಬ ಗಟ್ಟಿ ಕಾನೂನು ಆಗ ದೇಶದಲ್ಲಿರಲಿಲ್ಲ. ಕವಿ ಜಾವೇದ್ ಅಖ್ತರ್ ರಾಜ್ಯಸಭೆಯ ಒಳಗೂ ಹೊರಗೂ ಹೋರಾಡಿದ ಮೇಲೆ 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು.

ನಮ್ಮ ಸಮುದಾಯವೂ ಇಲ್ಲಿ ಆತ್ಮಾವಲೋಕನ ಮಾಡಿಕೊಳ್ಳಬೇಕಿದೆ. ಆ ದಿನಗಳಲ್ಲಿ ನಮ್ಮಲ್ಲಿ ಬಿಸಿಬಿಸಿ ಚರ್ಚೆಯಾದದ್ದು ಕುರ್‌ಆನ್ ಪಾರಾಯಣವನ್ನು ರಿಂಗ್‌ಟೋನ್ ಮಾಡಬಹುದೇ ಎಂಬುದರ ಬಗ್ಗೆ. ಕರೆ ಎತ್ತುವ ಅವಸರದಲ್ಲಿ ಸೂಕ್ತವನ್ನು ಅರ್ಧಕ್ಕೇ ಕತ್ತರಿಸುವುದು ಸಲ್ಲದೆಂದು ಈಜಿಪ್ಟಿನ ಮುಫ್ತಿ ಅಲಿ ಜುಮುಆ 2010ರಲ್ಲಿ ಫತ್ವಾ ನೀಡಿದ್ದರು. ಅದು ಸರಿಯೇ. ಆದರೆ ಯಾವ ಸ್ವರ ಮೊಳಗಬೇಕೆಂದು ವಾದಿಸಿದ ನಾವು, ಆ ಸ್ವರಕ್ಕೆ ಹಣ ಹೇಗೆ ಕಡಿತವಾಗುತ್ತಿದೆ ಎಂದು ಕೇಳಲಿಲ್ಲ. ಮದ್ರಸದಲ್ಲಿ ಫಿಕ್‌ಹ್ ಓದಿದವರೆಲ್ಲರಿಗೂ ಗೊತ್ತು, ಈಜಾಬ್ ಮತ್ತು ಕಬೂಲ್ ನಿಕಾಹಿಗೆ ಮಾತ್ರವಲ್ಲ, ವ್ಯಾಪಾರಕ್ಕೂ ಬೇಕು. ಮಾರುವವನ ಪ್ರಸ್ತಾಪಕ್ಕೆ ಕೊಳ್ಳುವವನ ಒಪ್ಪಿಗೆ ಸೇರದಿದ್ದರೆ ವ್ಯವಹಾರವೇ ಆಗದು. ಈ ಪಾಠವನ್ನು ನಾವು ಜುಮುಆದ ಮಿಂಬರಿನಿಂದ ಎಷ್ಟು ಬಾರಿ ಹೇಳಿದ್ದೇವೆ? ಇನ್ನೊಂದೆಡೆ, ಮೆಮೊರಿ ಕಾರ್ಡಿಗೆ ಕದ್ದ ಹಾಡು ತುಂಬಿಕೊಡುವ ಅಂಗಡಿಗಳನ್ನು ನಮ್ಮ ಹುಡುಗರೂ ತೆರೆದರು. ಕಂಪೆನಿಯ ಅನ್ಯಾಯಕ್ಕೆ ಕವಿಯ ಪಾಲನ್ನು ಕದಿಯುವುದು ಉತ್ತರವಲ್ಲ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂತು, ಅಗ್ಗದ ಇಂಟರ್ನೆಟ್ಟಿನ ಜೊತೆಗೆ ಕಾಲರ್ ಟ್ಯೂನನ್ನೂ ಉಚಿತವಾಗಿ ತಂದಿತು. ಹಳೆಯ ವ್ಯಾಪಾರ ಸೊರಗಿತು. ಆನ್‌ಮೊಬೈಲ್ ಸಹ ಮುಂದೆ ಮೊಬೈಲ್ ಆಟಗಳತ್ತ ಹೊರಳಿತು. ಆದರೆ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳುವ ಚಾಳಿ ಹೊಸ ವೇಷ ತೊಟ್ಟಿದೆ. “ಮೊದಲ ತಿಂಗಳು ಉಚಿತ” ಎಂದು ಸೇರಿಸಿಕೊಂಡು ಎರಡನೆಯ ತಿಂಗಳಿನಿಂದ ಖಾತೆಗೇ ಕೈಹಾಕುವ ಆ್ಯಪ್‌ಗಳಿವೆ. ಹಿಂದೆ ಹೋಗುತ್ತಿದ್ದುದು ರೀಚಾರ್ಜಿನ ಹಣ, ಈಗ ಹೋಗುವುದು ಬ್ಯಾಂಕಿನಲ್ಲಿಟ್ಟ ಹಣ. ತಾನಾಗಿ ಮರುಕಳಿಸುವ ಕಡಿತಕ್ಕೆ 24 ಗಂಟೆ ಮೊದಲೇ ಸೂಚನೆ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಸೇರುವುದು ಸುಲಭ, ಹೊರಬರುವುದು ಕಷ್ಟ ಎಂಬಂತಹ 13 ಬಗೆಯ ವಂಚನಾತ್ಮಕ ವಿನ್ಯಾಸಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ನಿಷೇಧಿಸಿದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನಿನ ಮೂಲಕ ನಿಷೇಧಿಸಿತು.

ಕಾನೂನುಗಳು ಬಂದಿವೆ ನಿಜ. ಆದರೆ ಸೂಚನೆಯ ಸಂದೇಶ ಇಂಗ್ಲಿಷಿನಲ್ಲಿ ಬಂದರೆ ಅಡಿಕೆ ಸುಲಿಯುವ ತಾಯಿಗೆ ಅದರಿಂದೇನು ಪ್ರಯೋಜನ? ಕನ್ನಡದಲ್ಲಿ, ಧ್ವನಿಯ ಮೂಲಕ ಕೇಳಿ, ಒಪ್ಪಿಗೆ ಪಡೆದ ಬಳಿಕವೇ ಹಣ ಕಡಿಯಬೇಕೆಂದು ಸರಕಾರ ಕಡ್ಡಾಯಗೊಳಿಸಲಿ. ಅಲ್ಲಿಯವರೆಗೆ ಓದು ಬಲ್ಲವರ ಮೇಲೊಂದು ಹೊಣೆಯಿದೆ. ಮಸೀದಿಯ ಜಮಾಅತ್‌ಗಳು, ಸ್ತ್ರೀಶಕ್ತಿ ಸಂಘಗಳು ತಿಂಗಳಿಗೊಂದು ದಿನ ಹಿರಿಯರ ಫೋನುಗಳನ್ನು ಕೈಗೆತ್ತಿಕೊಂಡು ಎಲ್ಲೆಲ್ಲಿ ಹಣ ಸೋರುತ್ತಿದೆ ಎಂದು ನೋಡಿಕೊಡಲಿ. ಅನ್ಯಾಯವೆಂದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲಿ. ಅದಕ್ಕಾಗಿ ಘಟ್ಟ ಇಳಿಯಬೇಕಾಗಿಲ್ಲ. ನಾವು ಬಾಯಿ ತೆರೆಯದಿದ್ದರೆ ನಮ್ಮ ಮೌನವನ್ನು ಒಪ್ಪಿಗೆಯೆಂದು ಬರೆದುಕೊಳ್ಳುವವರು ಯಾವ ಕಾಲದಲ್ಲೂ ಇರುತ್ತಾರೆ.