ಕೊಡಲಿಗೆ ಬೇಕಿರುವುದು ಫೇಶಿಯಲ್ ಅಲ್ಲ

ಯೂಟ್ಯೂಬ್‌ನಲ್ಲಿ ಒಂದು ಜಾತಿಯ ವಿಡಿಯೋಗಳಿವೆ. ನೀವೂ ನೋಡಿರ್ತೀರಿ, ರಾತ್ರಿ ಹನ್ನೊಂದರ ಮೇಲೆ, ಬೆಳಗ್ಗೆ ಒಂಬತ್ತಕ್ಕೆ ಮೀಟಿಂಗ್ ಇದೆ ಅಂತ ಗೊತ್ತಿದ್ದೂ. ಮಾತಿಲ್ಲ, ಮುಖವಿಲ್ಲ, ಬರೀ ಎರಡು ಕೈ. ಗುಜರಿಯಿಂದ ತಂದ ತುಕ್ಕು ಹಿಡಿದ ಕೊಡಲಿ. ಗ್ರೈಂಡರ್ ಗರ್ರ್ ಅನ್ನುತ್ತೆ, ಕಿಡಿ ಹಾರುತ್ತೆ, ಹದಿನೈದು ನಿಮಿಷದಲ್ಲಿ ಕೊಡಲಿ ಕನ್ನಡಿಯಾಗುತ್ತೆ. ಕೊನೆಗೆ ಅದರಲ್ಲಿ ಒಂದು ಟೊಮ್ಯಾಟೊ ಕತ್ತರಿಸಿ ತೋರಿಸ್ತಾರೆ.

ಟೊಮ್ಯಾಟೊ! ಅಲ್ಲ ಸ್ವಾಮಿ, ಕೊಡಲಿ ಹಿಡಿದು ಯಾರು ಟೊಮ್ಯಾಟೊ ಹೆಚ್ತಾರೆ?

ನೋಡಿ ಸುಮ್ಮನಾಗಿದ್ದರೆ ನನಗೇನೂ ತಕರಾರಿರಲಿಲ್ಲ. ಈಗ ನಮ್ಮವರೇ ಶುರು ಹಚ್ಚಿಕೊಂಡಿದ್ದಾರೆ. ಹಬ್ಬಕ್ಕೆ ಊರಿಗೆ ಹೋಗಿ, ಕೊಟ್ಟಿಗೆ ಅಟ್ಟದಿಂದ ಅಜ್ಜನ ಕಾಲದ ಕೊಡಲಿ ಇಳಿಸಿಕೊಂಡು ಬಂದು, ಅಪಾರ್ಟ್‌ಮೆಂಟ್ ಬಾಲ್ಕನಿಯಲ್ಲಿ ಆಂಗಲ್ ಗ್ರೈಂಡರ್ ಹಚ್ಚಿ, ವಾರ್ನಿಶ್ ಹೊಡೆದು ಟಿವಿ ಮೇಲಿನ ಗೋಡೆಗೆ ನೇತುಹಾಕೋದು. ಇದಕ್ಕೆ ರಿಸ್ಟೋರೇಶನ್ ಅಂತ ಹೆಸರು. ನಾನು ಹೇಳೋದು, ಇದು ರಿಸ್ಟೋರೇಶನ್ ಅಲ್ಲ, ಫೇಶಿಯಲ್. ಬಹಳಷ್ಟು ಸಲ ಫೇಶಿಯಲ್ಲೂ ಅಲ್ಲ, ನೇರವಾಗಿ ಕೊಲೆ.

ಕೊಡಲಿಯ ಜೀವ ಇರೋದು ಅದರ ಬಾಯಿಯ ಒಂದೆರಡು ಇಂಚಿನಲ್ಲಿ. ಅಲ್ಲಿನ ಉಕ್ಕಿಗೆ ಹದ ಹಾಕಿರ್ತಾರೆ. ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದರೆ ಉಕ್ಕು ಗಾಜಿನಂತೆ ಗಡುಸಾಗುತ್ತೆ. ಹಾಗೇ ಬಿಟ್ಟರೆ ಗಾಜಿನಂತೆಯೇ ಚಕ್ಕೆ ಏಳುತ್ತೆ. ಅದಕ್ಕೇ ಮತ್ತೆ ಸ್ವಲ್ಪ ಬಿಸಿ ಕೊಟ್ಟು ಆ ಗಡಸನ್ನು ಒಂದು ಮಟ್ಟಕ್ಕೆ ಇಳಿಸಬೇಕು. ಎಷ್ಟು ಇಳಿಯಿತು ಅನ್ನೋದನ್ನು ಬಣ್ಣ ಹೇಳುತ್ತೆ. ಉಜ್ಜಿದ ಉಕ್ಕಿನ ಮೇಲೆ ಸುಮಾರು 230 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ ಕಾಣಿಸುತ್ತೆ, ಆಮೇಲೆ ಕಂದು, ನೇರಳೆ, 300ರ ಹತ್ತಿರ ನೀಲಿ. ಊರಿನ ಕಮ್ಮಾರನ ಬಳಿ ಥರ್ಮಾಮೀಟರ್ ಇಲ್ಲ. ಕಾದ ಕೊಡಲಿಯ ಬಾಯಿಯನ್ನಷ್ಟೇ ನೀರಿಗೆ ಅದ್ದಿ ತೆಗೀತಾನೆ. ಮೇಲೆ ಉಳಿದ ಬಿಸಿ ನಿಧಾನಕ್ಕೆ ಬಾಯಿಯ ಕಡೆ ಇಳಿಯುತ್ತೆ. ಬಣ್ಣ ಓಡೋದನ್ನು ನೋಡ್ತಾ ಇದ್ದು, ಬೇಕಾದ ಬಣ್ಣ ಬಂದ ಕ್ಷಣ ಪೂರ್ತಿ ಮುಳುಗಿಸ್ತಾನೆ. ಒಂದೆರಡು ಸೆಕೆಂಡ್ ತಡವಾದರೆ ಕೊಡಲಿ ಮೆತ್ತಗಾಯ್ತು ಅಂತಲೇ ಲೆಕ್ಕ.

ಈಗ ಬಾಲ್ಕನಿಗೆ ಬನ್ನಿ. ನಾಲ್ಕಿಂಚಿನ ಗ್ರೈಂಡರ್ ನಿಮಿಷಕ್ಕೆ ಸುಮಾರು 11,000 ಸುತ್ತು ತಿರುಗುತ್ತೆ. ಕೊಡಲಿಯ ತೆಳು ಬಾಯಿಗೆ ಅದನ್ನು ಒತ್ತಿ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ಅಂಚು ನೀಲಿಗೆ ತಿರುಗುತ್ತೆ. ವಿಡಿಯೋದಲ್ಲಿ ಎಷ್ಟು ಚಂದದ ನೀಲಿ! ಆದರೆ ಆ ಜಾಗದ ಹದ ಆಗಲೇ ಇಳಿದಿದೆ. ಪಾಲಿಶ್ ಹಚ್ಚಿ ನೀಲಿಯನ್ನು ಅಳಿಸಬಹುದು, ಹೋದ ಹದ ಪಾಲಿಶ್‌ನಿಂದ ವಾಪಸ್ ಬರಲ್ಲ. ನಮ್ಮ ಭಾಷೆಯಲ್ಲೇ ಹೇಳೋದಾದರೆ, ಪ್ರೊಡಕ್ಷನ್ ಡೇಟಾಬೇಸ್ ಅಳಿಸಿಹಾಕಿ ಲಾಗಿನ್ ಪೇಜಿಗೆ ಹೊಸ ಬಣ್ಣ ಬಳಿದ ಹಾಗೆ. ಡೆಮೋ ಸೂಪರ್, ಸಿಸ್ಟಂ ಸತ್ತಿದೆ.

ಇನ್ನು ಸ್ಪ್ಲಿಟಿಂಗ್ ಮಾಲ್ ಅನ್ನೋ ಸೌದೆ ಸೀಳುವ ಭಾರದ ಕೊಡಲಿ. ಇದನ್ನೂ ಬ್ಲೇಡಿನಂತೆ ಹರಿತ ಮಾಡಿ ತೋಳಿನ ಕೂದಲು ಬೋಳಿಸಿ ತೋರಿಸ್ತಾರೆ. ಮರ ಕಡಿಯುವ ಕೊಡಲಿ ನಾರನ್ನು ಅಡ್ಡಕ್ಕೆ ಕತ್ತರಿಸಬೇಕು, ಅದಕ್ಕೆ ತೆಳು ಬಾಯಿ, ಹರಿತ ಅಂಚು. ಸೀಳುವ ಕೊಡಲಿ ನಾರಿನ ಉದ್ದಕ್ಕೂ ಮರವನ್ನು ಬಿಡಿಸಬೇಕು. ಅದು ಕೆಲಸ ಮಾಡೋದು ತನ್ನ ಭಾರದಿಂದ, ದಪ್ಪ ಕೆನ್ನೆಯಿಂದ, ಬೆಣೆ ಹೊಡೆದ ಹಾಗೆ. ಅದರ ಬಾಯಿಯನ್ನು ತೆಳ್ಳಗೆ ಮಾಡಿದರೆ ಮೊದಲ ಗಂಟಿನಲ್ಲೇ ಮುಕ್ಕಾಗುತ್ತೆ, ಇಲ್ಲ ಮರದಲ್ಲಿ ಕಚ್ಚಿಕೊಂಡು ಕೂರುತ್ತೆ. ಸೀಳುಕೊಡಲಿಯಲ್ಲಿ ಸರಿಮಾಡಬೇಕಾದ ಜಾಗ ಬೇರೇನೇ ಇದೆ. ಏಟು ತಿಂದು ಅಣಬೆಯಂತೆ ಅರಳಿದ ಅದರ ಹಿಂಬದಿ. ಆ ಅಂಚು ಒಡೆದು ಚೂರು ಹಾರಿದರೆ ನೇರ ಕಣ್ಣಿಗೆ. ಅದನ್ನು ಅರದಿಂದ ಉಜ್ಜಿ ತೆಗೀಬೇಕು. ಇದರಲ್ಲಿ ಹೊಳಪಿಲ್ಲ, ಹಾಗಾಗಿ ವಿಡಿಯೋನೂ ಇಲ್ಲ.

ತುಕ್ಕಿನ ಮೇಲಂತೂ ನಮಗೆ ಏನೋ ಹಳೇ ದ್ವೇಷ. ಕೆಂಪು ತುಕ್ಕು ತೆಗೀಬೇಕು, ನಿಜ. ವಿನೆಗರ್‌ನಲ್ಲೋ ಹುಣಸೆ ರಸದಲ್ಲೋ ಒಂದು ರಾತ್ರಿ ನೆನೆಸಿ, ತಂತಿ ಬ್ರಶ್‌ನಿಂದ ಉಜ್ಜಿ, ಅಡುಗೆ ಸೋಡಾದ ನೀರಲ್ಲಿ ತೊಳೆದು, ತಕ್ಷಣ ಒರೆಸಿ ಎಣ್ಣೆ ಸವರಿದರೆ ಮುಗೀತು. ವಾರಗಟ್ಟಲೆ ನೆನೆಸಿದರೆ ಆಮ್ಲ ಉಕ್ಕನ್ನೇ ತಿನ್ನುತ್ತೆ. ಕೆಳಗೆ ಉಳಿಯೋ ಕಪ್ಪು ಪದರ ಶತ್ರು ಅಲ್ಲ, ಎಣ್ಣೆ ಹಿಡಿದಿಟ್ಟುಕೊಂಡು ಕಬ್ಬಿಣವನ್ನು ಕಾಯುತ್ತೆ. ಕೆನ್ನೆಯ ಮೇಲಿನ ನಾಲ್ಕು ಗುಳಿಗಳಿಂದ ಸೌದೆಗೆ ಏನೂ ನಷ್ಟವಿಲ್ಲ. ಅವುಗಳನ್ನು ಮಾಯ ಮಾಡಲು ಒಂದೆರಡು ಮಿಲಿಮೀಟರ್ ಉಕ್ಕು ಸವೆಸೋದು ಮೊಡವೆ ಕಲೆಗೆ ಕೆನ್ನೆಯನ್ನೇ ಕೆತ್ತಿದಂತೆ.

ಕಾವಿನ ಕಥೆಯೂ ಅಷ್ಟೇ. ಮರದ ಎಳೆ ಕಾವಿನ ಉದ್ದಕ್ಕೂ ಓಡಬೇಕು. ಅಡ್ಡ ಎಳೆಯ ಕಾವು ಎತ್ತಿದ ಕೈಯಲ್ಲೇ ಮುರಿಯುತ್ತೆ, ಆಗ ಕೊಡಲಿಯ ತಲೆ ಎಲ್ಲಿಗೆ ಹೋಗುತ್ತೆ ಅಂತ ಹೇಳೋಕಾಗಲ್ಲ. ಅಮೆರಿಕದಲ್ಲಿ ಇದಕ್ಕೆ ಹಿಕರಿ ಮರ, ನಮ್ಮಲ್ಲಿ ದಿಂಡಿಗ, ಜಾಲಿ. ಇದನ್ನೆಲ್ಲ ಬಿಟ್ಟು ಅಂಗಡಿಯ ಪೈನ್ ಕೋಲು ಸಿಕ್ಕಿಸಿ ಮಿರಮಿರ ವಾರ್ನಿಶ್ ಹೊಡೆದರೆ ಅಂಗೈಯಲ್ಲಿ ಬೊಬ್ಬೆ ಖಾತ್ರಿ. ಅಗಸೆ ಎಣ್ಣೆ ಸಾಕು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಕಬೇಡಿ, ಅದು ತಾನೇ ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಸಡಿಲ ಕೊಡಲಿಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕೋ ಉಪಾಯವೂ ಬೇಡ. ಆ ದಿನಕ್ಕೆ ಬಿಗಿಯಾಗುತ್ತೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಹೊಸ ಬೆಣೆ ಹೊಡೀರಿ.

‘ಅಲ್ಲ ಗುರು, ನನ್ನ ಕೊಡಲಿ, ನನ್ನ ಗೋಡೆ, ನಿನಗೇನು ಕಷ್ಟ?’ ಅಂತ ಕೇಳ್ತೀರಿ. ಕಷ್ಟ ಇದೆ. ಹದ ಗೊತ್ತಿರೋ ಮನುಷ್ಯ ಒಬ್ಬ ಊರಲ್ಲಿ ಇನ್ನೂ ಇದ್ದಾನೆ, ಅವನ ಕುಲುಮೆ ಎದುರು ಹಾದುಹೋಗಿಯೇ ನಾವು ಬೆಂಗಳೂರಿನ ಬಸ್ ಹತ್ತೋದು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯಿಂದ ಕೊಡಲಿ, ಮಚ್ಚು ಬಡಿದು ಕೊಡಬಲ್ಲ ಮನುಷ್ಯ ಅವನು. ನನ್ನ ಊರಲ್ಲಿ ಸುಗ್ಗಿ ಮುಗಿದ ಮೇಲೆ ಕಮ್ಮಾರನಿಗೆ ಆಯ ಅಂತ ಕಾಳು ಅಳೆದು ಕೊಡ್ತಿದ್ದರು, ಅದಕ್ಕೆ ವರ್ಷವಿಡೀ ಗುಳ, ಕೊಡಲಿ, ಕುಡುಗೋಲು ಹಣಿಸಿಕೊಡಬೇಕು. ಅದೇನೂ ರಾಮರಾಜ್ಯವಲ್ಲ. ಅಳೆಯೋ ಕೈ ಮೇಲೆ, ಒಡ್ಡೋ ಕೈ ಕೆಳಗೇ ಇತ್ತು. ಆಯ ನಿಂತಿದ್ದಕ್ಕೆ ನನಗೆ ದುಃಖವಿಲ್ಲ. ಆದರೆ ಅದರ ಜಾಗಕ್ಕೆ ಮರ್ಯಾದೆಯ ಕೂಲಿ ಬರಬೇಕಿತ್ತಲ್ಲ, ಅದು ಬರಲಿಲ್ಲ.

ನಮಗೆ ಪರಂಪರೆಯ ಹೆಮ್ಮೆಗೇನೂ ಕೊರತೆಯಿಲ್ಲ. ಉಕ್ಕು ಅನ್ನೋ ನಮ್ಮ ಪದವೇ ಇಂಗ್ಲಿಷಿನ ವೂಟ್ಸ್‌ಗೆ ಮೂಲ ಅಂತ ಸಾಮಾನ್ಯವಾಗಿ ಹೇಳ್ತಾರೆ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಎದುರು ಈ ಉಕ್ಕಿನ ಬಗ್ಗೆ ಪ್ರಬಂಧ ಓದಿದ್ದರು. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಲ್ಲಿನ ಕುಲುಮೆಗಳ ಬಗ್ಗೆ ಬರೆದಿಟ್ಟ. ಇದನ್ನೆಲ್ಲ ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿ ಕೈಮುಗಿಯೋ ಎಮೋಜಿ ಹಾಕುವ ನಾವೇ, ಕುಲುಮೆ ಎದುರು ನಿಂತು ಇಪ್ಪತ್ತು ರೂಪಾಯಿಗೆ ಚೌಕಾಸಿ ಮಾಡ್ತೀವಿ. ಗ್ರೈಂಡರ್, ಆರು ನಮೂನೆ ಮರಳುಕಾಗದ, ಪಾಲಿಶ್ ಡಬ್ಬಿಗೆ ಮಾತ್ರ ಚೌಕಾಸಿ ಇಲ್ಲ, ಕಾರ್ಡ್ ಉಜ್ಜಿದರಾಯ್ತು.

‘ಆನ್‌ಲೈನ್‌ನಲ್ಲಿ ಹೊಸದೇ ಸಿಗುತ್ತಲ್ಲ’ ಅನ್ನೋರಿಗೂ ಒಂದು ಮಾತು. ಸಿಗುತ್ತೆ, ತಗೊಳ್ಳಿ. ಒಳ್ಳೇ ಹದದ್ದು ಸಿಕ್ಕರೆ ನಿಮ್ಮ ಅದೃಷ್ಟ. ಆದರೆ ಮನೆಯಲ್ಲಿರೋ ಹಳೇ ಕೊಡಲಿಯ ಹದ ಎರಡು ತಲೆಮಾರಿನ ಸೌದೆಯಲ್ಲಿ ಪರೀಕ್ಷೆಯಾಗಿದೆ. ಅಷ್ಟು ಟೆಸ್ಟಿಂಗ್ ಆಗಿ ಪಾಸಾದ ಮಾಲನ್ನು ಬದಲಿಸಿ ಅಂತ ನಿಮ್ಮ ಮ್ಯಾನೇಜರ್ ಹೇಳಿದರೆ ನೀವೇ ಜಗಳ ಆಡ್ತೀರಿ.

ಹಾಗಾದರೆ ಏನು ಮಾಡಬೇಕು? ಅಟ್ಟದ ಕೊಡಲಿಯನ್ನು ಇಳಿಸಿ, ಬೇಡ ಅನ್ನಲ್ಲ. ತುಕ್ಕು ನೀವೇ ತೆಗೀರಿ, ಕಾವು ನೀವೇ ಕೂರಿಸಿ, ಬಾಯಿಯನ್ನು ಅರ ಹಿಡಿದು ಕೈಯಲ್ಲಿ ಉಜ್ಜಿ, ಆಮೇಲೆ ಸಾಣೆಕಲ್ಲು. ನಿಧಾನ ಆಗುತ್ತೆ, ಆದರೆ ಹದ ಸುಡಲ್ಲ. ಬಾಯಿ ಆಗಲೇ ಸುಟ್ಟಿದ್ದರೆ, ಮುಕ್ಕಾಗಿದ್ದರೆ ಕುಲುಮೆಗೆ ಒಯ್ದು ಕೊಡಿ. ಅವನು ಕೇಳಿದಷ್ಟು ಕೊಡಿ, ವಾರಾಂತ್ಯದ ಒಂದು ಬ್ರಂಚ್ ಬಿಲ್‌ಗಿಂತ ಕಮ್ಮಿಯೇ ಇರುತ್ತೆ. ಆಮೇಲೆ ಆ ಕೊಡಲಿಯನ್ನು ಬೆಂಗಳೂರಿಗೆ ತರಬೇಡಿ. ಬಚ್ಚಲ ಒಲೆ ಇನ್ನೂ ಉರಿಯೋ ಮನೆಗಳು ಊರಲ್ಲಿ ಬೇಕಾದಷ್ಟಿವೆ. ಅಲ್ಲಿ ಸೌದೆ ಸೀಳೋರ ಕೈಗೆ ಕೊಟ್ಟು ಬನ್ನಿ.

ಗೋಡೆಗೆ ಏನಾದರೂ ಬೇಕೇ ಬೇಕು ಅಂದರೆ ಕ್ಯಾಲೆಂಡರ್ ಹಾಕಿಕೊಳ್ಳಿ.